ಶಿಮಾಂಟೊ ಹೊಳೆಯ ದಡದಲ್ಲಿ ಒಂದು ದಿನ

“ಜಪಾನಿಗೆ ಹೋಗಿ ಬಂದಿರಲ್ಲ, ನಮ್ಮ ಪತ್ರಿಕೆಗೆ ನಾಲ್ಕು ಮಾತು ಬರೆದುಕೊಡಿ” ಎಂದು ಸಂಪಾದಕರು ಕೇಳಿ ಎಂಟು ತಿಂಗಳಾಯಿತು. ಕೊಳೆ ಔಷಧಿ, ಅಡಿಕೆ ಸುಲಿತ, ಕಾಫಿ ಕೊಯ್ಲು ಎಂದು ಒಂದಲ್ಲ ಒಂದು ನೆವ ಹೇಳುತ್ತ ಬಂದೆ. ನಿಜವಾದ ಕಾರಣ ಬೇರೆ. ಅಲ್ಲಿ ಕಂಡದ್ದನ್ನು ಬರೆಯಬೇಕಾದರೆ ನನ್ನ ತೋಟದ ಒಂದು ವಿಷಯವನ್ನೂ ಬರೆಯಬೇಕಾಗುತ್ತದೆ. ಅದಕ್ಕೆ ಮನಸ್ಸು ಹಿಂಜರಿಯುತ್ತಿತ್ತು. ಈ ಸಲದ ಪಲ್ಪಿಂಗ್ ಮುಗಿದಿದೆ. ಈಗ ಎರಡನ್ನೂ ಬರೆಯಬಹುದು ಎನಿಸಿದೆ.

ಮಗ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಮೇ ತಿಂಗಳ ಕೊನೆಗೆ ನಾನೂ ಮನೆಯವರೂ ಅವನಲ್ಲಿಗೆ ಹೋಗಿದ್ದೆವು. ಊರಿನ ಬಹುಮಹಡಿ ಕಟ್ಟಡಗಳನ್ನು ನಾಲ್ಕು ದಿನ ಕತ್ತೆತ್ತಿ ನೋಡಿದ ಮೇಲೆ ನನ್ನ ಮುಖ ಕಂಡು ಅವನಿಗೇ ಅರ್ಥವಾಯಿತು. “ಅಪ್ಪಾ, ನಿಮಗೆ ಒಂದು ಹೊಳೆ ತೋರಿಸುತ್ತೇನೆ, ಬನ್ನಿ” ಎಂದು ಶಿಕೊಕು ದ್ವೀಪಕ್ಕೆ ಕರೆದುಕೊಂಡು ಹೊರಟ. ಜಪಾನಿನ ನಾಲ್ಕು ಮುಖ್ಯ ದ್ವೀಪಗಳಲ್ಲಿ ಇದೇ ಚಿಕ್ಕದು. ೧೯೮೮ರಲ್ಲಿ ತೆರೆದ ದೊಡ್ಡ ಸೇತುವೆಯ ಮೇಲೆ ರೈಲು ಸಮುದ್ರವನ್ನೇ ದಾಟಿಸುತ್ತದೆ. ದ್ವೀಪದ ದಕ್ಷಿಣ ಭಾಗ ಕೊಚಿ ಪ್ರಾಂತ. ಕೇರಳದ ಕೊಚ್ಚಿಗೂ ಇದಕ್ಕೂ ಹೆಸರಿನ ಹೋಲಿಕೆಯೇ ಹೊರತು ಬೇರೆ ನಂಟಿಲ್ಲ. ನೂರಕ್ಕೆ ೮೪ ಪಾಲು ಕಾಡು. ಜಪಾನಿನಲ್ಲಿ ಇಷ್ಟು ಕಾಡು ಇನ್ನಾವ ಪ್ರಾಂತದಲ್ಲೂ ಇಲ್ಲ. ಶುಂಠಿಗೆ ಹೆಸರಾದ ಸೀಮೆ ಎಂದರೆ ನಮ್ಮವರ ಕಿವಿ ನೆಟ್ಟಗಾದೀತು.

ಆ ಪ್ರಾಂತದ ಹೊಳೆ ಶಿಮಾಂಟೊ. ಉದ್ದ ೧೯೬ ಕಿಲೋಮೀಟರು, ಶಿಕೊಕುವಿನಲ್ಲೆಲ್ಲ ಉದ್ದದ ನದಿ. ೧೩೩೬ ಮೀಟರು ಎತ್ತರದ ಇರಾಜು ಬೆಟ್ಟದಲ್ಲಿ ಹುಟ್ಟಿ ದಕ್ಷಿಣಕ್ಕೆ ಇಳಿಯುತ್ತದೆ. ಕುಬೊಕಾವಾ ಎಂಬ ಊರಿನಲ್ಲಿ ಸಮುದ್ರ ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ಗುಡ್ಡದ ಸಾಲು ಅಡ್ಡ ಬಂದು, ಬೆನ್ನು ತಿರುಗಿಸಿ ಪಶ್ಚಿಮಕ್ಕೆ ಹೊರಟುಬಿಡುತ್ತದೆ. ಬೆಟ್ಟಗಳ ನಡುವೆ ಹಾವಿನಂತೆ ಸುತ್ತಾಡಿ ಕಡೆಗೆ ನಕಮುರಾ ಪಟ್ಟಣದ ಬಳಿ ಪೆಸಿಫಿಕ್ ಸಾಗರ ಸೇರುತ್ತದೆ. ಅರಬ್ಬೀ ಸಮುದ್ರದ ಮಗ್ಗುಲಲ್ಲೇ ಹುಟ್ಟಿ ಮೂಡಲಿಗೆ ಹರಿದುಹೋಗುವ ತುಂಗೆ, ಭದ್ರೆಯರನ್ನು ಕಂಡ ನಮಗೆ ಇದೇನೂ ವಿಚಿತ್ರವಲ್ಲ. ೧೯೮೩ರಲ್ಲಿ ಜಪಾನಿನ ದೂರದರ್ಶನ ಸಂಸ್ಥೆ ಈ ಹೊಳೆಯ ಮೇಲೊಂದು ಚಿತ್ರ ಪ್ರಸಾರ ಮಾಡಿತು. ಅಂದಿನಿಂದ “ಜಪಾನಿನ ಕೊನೆಯ ತಿಳಿಹೊಳೆ” ಎಂಬ ಬಿರುದು ಇದಕ್ಕೆ ಅಂಟಿಕೊಂಡಿತು. ಸರಕಾರಿ ಕಾಗದದಲ್ಲಿ ಮಾತ್ರ ೧೯೯೪ರವರೆಗೆ ಇದರ ಹೆಸರು ವತಾರಿಗಾವಾ ಎಂದಿತ್ತು. ದಾಟುವ ಹೊಳೆ ಎಂದು ಅದರ ಅರ್ಥ.

ತಲೆಬಾಗುವ ಸೇತುವೆ

ನಕಮುರಾದಲ್ಲಿ ರಾತ್ರಿ ತಂಗಿ, ಬೆಳಗ್ಗೆ ಎಂಟಕ್ಕೆ ಪುಟ್ಟ ವ್ಯಾನೊಂದರಲ್ಲಿ ಹೊರಟೆವು. ಪ್ರಯಾಣಿಕರು ಏಳು ಮಂದಿ. ಮಾರ್ಗದರ್ಶಿ ಎಪ್ಪತ್ತರ ಹತ್ತಿರದ ಹೆಂಗಸು. ಹೊಳೆಮೀನು ಹಿಡಿಯುವವರ ಮನೆಯ ಮಗಳು. ಕಾಲಿಗೆ ರಬ್ಬರ್ ಬೂಟು, ತಲೆಗೆ ಹುಲ್ಲಿನ ಟೊಪ್ಪಿ. ಗದ್ದೆ ನಾಟಿಗೆ ಹೊರಟ ನಮ್ಮ ಅತ್ತೆ, ಚಿಕ್ಕಮ್ಮಂದಿರಂತೆಯೇ ಕಂಡರು. ಅವರ ಮಾತನ್ನು ಮಗ ಕನ್ನಡಿಸುತ್ತಿದ್ದ.

ಮೊದಲು ನಿಂತದ್ದು ಸಾದಾ ಎಂಬಲ್ಲಿಯ ಸೇತುವೆಯ ಬಳಿ. ಉದ್ದ ೨೯೧ ಮೀಟರು, ಅಗಲ ಒಂದು ಕಾರಿಗೆ ಸಾಕು, ನೀರಿನಿಂದ ಎತ್ತರ ತೀರ ಕಡಮೆ. ಮುಖ್ಯ ಸಂಗತಿಯೆಂದರೆ ಎರಡು ಬದಿಗೂ ಕೈಕಂಬಿ ಇಲ್ಲ. ಅಡಿಕೆಮರದ ಸಂಕದ ಮೇಲೆ ಓಡಾಡಿ ಬೆಳೆದ ನಾನೇ ನಡುಹೊಳೆಯಲ್ಲಿ ವ್ಯಾನಿನ ಕಿಟಕಿಯಿಂದ ಬಗ್ಗಿ ನೋಡಿ ಹಿಂದಕ್ಕೆ ಸರಿದೆ. ಇಂಥವಕ್ಕೆ ಅಲ್ಲಿ ಚಿಂಕಾಬಾಶಿ, ಅಂದರೆ ಮುಳುಗು ಸೇತುವೆ, ಎನ್ನುತ್ತಾರೆ. ಹೊಳೆಗೂ ಅದರ ಉಪನದಿಗಳಿಗೂ ಸೇರಿ ೪೦ಕ್ಕೂ ಹೆಚ್ಚು ಇವೆ. ಇತ್ತೊಹ್ಯೊ ಎಂಬಲ್ಲಿಯದು ೧೯೩೫ರದು, ಈಗ ಉಳಿದಿರುವುದರಲ್ಲಿ ಹಳೆಯದು.

ಕೈಕಂಬಿ ಏಕಿಲ್ಲ? ಆ ಬೆಟ್ಟಗಳಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿನ ಆಸುಪಾಸು ಮಳೆ. ನಮ್ಮ ಆಗುಂಬೆಯ ಅರ್ಧವೂ ಅಲ್ಲ, ಆದರೆ ಚಂಡಮಾರುತ ಬಂದಾಗ ಒಂದೇ ಸಲಕ್ಕೆ ಸುರಿಯುತ್ತದೆ. ಹೊಳೆ ಏರಿದಾಗ ಸೇತುವೆ ಮುಳುಗಲೇಬೇಕು. ಕೈಕಂಬಿಯಿದ್ದರೆ ತೇಲಿಬಂದ ಮರದ ದಿಮ್ಮಿ, ಪೊದೆ, ಕಸ ಎಲ್ಲ ಅದಕ್ಕೆ ಸಿಕ್ಕಿ ಒಡ್ಡಾಗಿ ನಿಂತು, ನೀರಿನ ಒತ್ತಡಕ್ಕೆ ಸೇತುವೆಯೇ ಕಿತ್ತುಹೋಗುತ್ತದೆ. ಅಡ್ಡ ಏನೂ ಇಲ್ಲದಿದ್ದರೆ ಪ್ರವಾಹ ತಲೆಯ ಮೇಲೆ ಹಾದುಹೋಗುತ್ತದೆ. ನೀರಿಳಿದ ಮೇಲೆ ಸೇತುವೆ ಅಲ್ಲೇ ಇರುತ್ತದೆ. ಎತ್ತರದ ಸೇತುವೆಗಿಂತ ಖರ್ಚೂ ಕಡಮೆ. ಹೊಳೆಗೆ ಎದುರು ನಿಲ್ಲದೆ ಹಾದಿ ಬಿಟ್ಟುಕೊಟ್ಟು ಉಳಿಯುವ ಉಪಾಯ ಇದು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಕಲ್ಲುಮಣ್ಣಿನಲ್ಲಿ ಕಟ್ಟ ಕಟ್ಟಿ, ಮೊದಲ ಮಳೆಗೆ ಅದನ್ನು ಹೊಳೆಗೇ ಒಪ್ಪಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಅರ್ಥವಾಗುತ್ತಿತ್ತು.

ಆದರೆ ಉಳಿಸಿಕೊಳ್ಳುವುದು ಸುಲಭವಲ್ಲ. ಇವಾಮಾ ಎಂಬಲ್ಲಿಯ ಸೇತುವೆಯ ಕಂಬ ೨೦೧೭ರಲ್ಲಿ ಕುಸಿದು ನಡುಭಾಗ ಮುರಿದು ಜೋತುಬಿತ್ತು. ಸರಿಯಾಗಿ ಮತ್ತೆ ಜನ ಓಡಾಡಿದ್ದು ೨೦೨೧ರಲ್ಲಿ. ಹಳ್ಳಿಗಳಲ್ಲಿ ಮುದುಕರೇ ಉಳಿದಿದ್ದಾರೆ. ಮಕ್ಕಳೆಲ್ಲ ಒಸಾಕಾ, ಟೋಕಿಯೋ ಸೇರಿದ್ದಾರೆ. ನಾಲ್ಕು ಮನೆಗಾಗಿ ಸೇತುವೆ ಬೇಕೇ ಎಂದು ಕೇಳುವವರೂ ಇದ್ದಾರೆಂದು ಮಾರ್ಗದರ್ಶಿ ಹೇಳಿದಾಗ ನನ್ನವಳು ಮಗನ ಮುಖ ನೋಡಿದಳು. ಅವನು ಆ ಮಾತನ್ನು ಕನ್ನಡಿಸಿ ಸುಮ್ಮನಾದ.

ಕಲ್ಲಿನ ಮೇಲಿನ ಹಲ್ಲಿನ ಗುರುತು

ಮುಂದೆ ಒಂದು ಗಂಟೆ ದೋಣಿ ಪಯಣ. ಎರಡಾಳು ಆಳದಲ್ಲೂ ತಳದ ಗುಂಡುಕಲ್ಲುಗಳನ್ನು ಎಣಿಸಬಹುದಿತ್ತು. ದಡಕ್ಕೆ ಬಂದಮೇಲೆ ಮಾರ್ಗದರ್ಶಿ ಮೊಣಕಾಲು ನೀರಿಗಿಳಿದು ಒಂದು ಕಲ್ಲನ್ನೆತ್ತಿ ನಮ್ಮ ಕೈಗೆ ಕೊಟ್ಟರು. ಕಂದು ಬಣ್ಣದ ತೆಳು ಪಾಚಿ. ಅದರ ಮೇಲೆ ಬಿದಿರೆಲೆಯ ಆಕಾರದಲ್ಲಿ ಕೆರೆದ ಗೆರೆಗಳು. ಅವು ಆಯು ಎಂಬ ಮೀನಿನ ಹಲ್ಲಿನ ಗುರುತು.

ಈ ಮೀನಿನ ಆಯುಸ್ಸು ಒಂದೇ ವರ್ಷ. ಶರತ್ಕಾಲದಲ್ಲಿ ಹೊಳೆಯ ಕೆಳಭಾಗದ ಜಲ್ಲಿಯಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಸಮುದ್ರಕ್ಕೆ ತೇಲಿಹೋಗಿ ಚಳಿಗಾಲವನ್ನು ಅಲ್ಲಿ ಕಳೆದು ವಸಂತದಲ್ಲಿ ಹೊಳೆ ಹತ್ತುತ್ತವೆ. ದೊಡ್ಡವಾದಂತೆ ಬಾಚಣಿಗೆಯಂಥ ಹಲ್ಲು ಮೂಡಿ, ಕಲ್ಲಿನ ಪಾಚಿಯನ್ನು ಮಾತ್ರ ಮೇಯುತ್ತವೆ. ಒಂದೊಂದು ಮೀನೂ ತನ್ನ ಮೇವಿನ ಜಾಗಕ್ಕೆ ಬೇಲಿ ಹಾಕಿಕೊಂಡಂತೆ ಕಾಯುತ್ತದೆ. ಬೇರೊಂದು ಬಂದರೆ ನುಗ್ಗಿ ಗುದ್ದುತ್ತದೆ. ಬೆಸ್ತರು ಈ ಗುಣವನ್ನೇ ಬಳಸಿ, ಜೀವಂತ ಆಯುವೊಂದನ್ನು ದಾರಕ್ಕೆ ಕಟ್ಟಿ ಹಿಂದೆ ಗಾಳ ಬಿಟ್ಟು ನೀರಿಗಿಳಿಸುತ್ತಾರೆ. ಗುದ್ದಲು ಬಂದ ಜಗಳಗಂಟ ಗಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಬೇಲಿ ತಕರಾರಿನಲ್ಲಿ ಕೋರ್ಟು ಹತ್ತಿದ ನಮ್ಮ ಕಡೆಯ ಕೆಲವರು ನನಗೆ ನೆನಪಾದರು.

ಆಯು ಬದುಕಬೇಕಾದರೆ ಪಾಚಿ ಬೇಕು. ಪಾಚಿ ಬೆಳೆಯಬೇಕಾದರೆ ತಳಕ್ಕೆ ಬಿಸಿಲು ಬೀಳಬೇಕು. ಬಿಸಿಲು ಬೀಳಬೇಕಾದರೆ ನೀರು ತಿಳಿಯಾಗಿರಬೇಕು. ಕಲ್ಲಿನ ಮೇಲೆ ಕೂದಲೆಳೆಯಷ್ಟು ಕೆಸರು ಕೂತರೂ ಮೇವು ಹಾಳು. ಆದ್ದರಿಂದ ಅಲ್ಲಿನವರಿಗೆ ತಿಳಿನೀರು ಕಣ್ಣಿನ ಹಬ್ಬ ಮಾತ್ರವಲ್ಲ, ಊಟದ ಲೆಕ್ಕವೂ ಹೌದು.

ಆ ಲೆಕ್ಕ ಈಗ ತಪ್ಪುತ್ತಿದೆ. ಭತ್ತದ ಗದ್ದೆಯ ಕೆಸರು ಉತ್ತ ನೀರನ್ನು ಹೊರಬಿಟ್ಟರೆ, ಮರಿಮೀನು ಹೊಳೆ ಹತ್ತುವ ಕಾಲಕ್ಕೇ ಅದು ಬಂದು ಸೇರುತ್ತದೆ. ಯುದ್ಧಾನಂತರ ಬೆಟ್ಟದ ತುಂಬ ನೆಟ್ಟ ಹಿನೊಕಿ, ಸುಗಿ ಮರಗಳನ್ನು ಸವರಲು ಆಳಿಲ್ಲ. ನೆಲಕ್ಕೆ ಬೆಳಕು ಬೀಳದೆ ಅಡಿಗಿಡ ಸಾಯುತ್ತದೆ. ಹಿನೊಕಿಯ ಸೊಪ್ಪು ಪುಡಿಯಾಗಿ ಮಣ್ಣನ್ನು ಹೊದಿಸುವುದಿಲ್ಲ. ಮಳೆಗೆ ಮಣ್ಣು ಜಾರುತ್ತದೆ. ಕಾಫಿ ತೋಟದಲ್ಲಿ ದರಗಿನ ಬೆಲೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆಬಾಯಿಯಲ್ಲಿ ಚಳಿಗಾಲಕ್ಕೆ ಕೊಯ್ದು ಒಣಗಿಸುತ್ತಿದ್ದ ಅವೊನೊರಿ ಎಂಬ ಹಸಿರು ಪಾಚಿ, ನೀರು ಬಿಸಿಯಾದಂತೆ ಈಚಿನ ವರ್ಷಗಳಲ್ಲಿ ತೀರ ಇಳಿದುಹೋಗಿದೆ. ಮಧ್ಯಾಹ್ನ ದಾಟಿದ ಎಕಾವಾಸಾಕಿ ಎಂಬ ಪುಟ್ಟ ಊರಿನಲ್ಲಿ ೨೦೧೩ರ ಆಗಸ್ಟ್ ೧೨ರಂದು ೪೧ ಡಿಗ್ರಿ ಬಿಸಿಲು ದಾಖಲಾಗಿತ್ತು. ಆಗ ಅದು ಜಪಾನಿಗೇ ದಾಖಲೆ.

ಎಂಟು ಮೀಟರಿನ ಗೋಡೆ

ಮಧ್ಯಾಹ್ನದ ಮೇಲೆ ಹೊಳೆಯ ದಂಡೆಗುಂಟ ಮೇಲಕ್ಕೆ ಹೋದೆವು. ಶಿಮಾಂಟೊಗೆ ಅಣೆಕಟ್ಟೇ ಇಲ್ಲ ಎಂಬ ಮಾತು ಪ್ರಸಿದ್ಧ. ಮಾರ್ಗದರ್ಶಿ ಇಯೆಜಿಗಾವಾ ಎಂಬಲ್ಲಿ ವ್ಯಾನು ನಿಲ್ಲಿಸಿ ಒಂದು ಕಾಂಕ್ರೀಟು ಒಡ್ಡನ್ನು ತೋರಿಸಿದರು. ಕುಬೊಕಾವಾ ಸೀಮೆ ಎತ್ತರದಲ್ಲಿದೆ, ಸಮುದ್ರ ಹತ್ತಿರದಲ್ಲಿದೆ. ಆದ್ದರಿಂದ ೧೯೩೭ರಲ್ಲೇ ಇಲ್ಲಿ ನೀರು ತಡೆದು, ಗುಡ್ಡ ಕೊರೆದು, ಆಚೆ ಮಗ್ಗುಲಿಗೆ ಇಳಿಸಿ ವಿದ್ಯುತ್ತು ತೆಗೆದರು. ಒಡ್ಡಿನ ಎತ್ತರ ೮ ಮೀಟರು. ಜಪಾನಿನ ಕಾನೂನಿನ ಪ್ರಕಾರ ೧೫ ಮೀಟರು ದಾಟಿದರೆ ಮಾತ್ರ ಅಣೆಕಟ್ಟು. ಹೀಗಾಗಿ ಕಾಗದದಲ್ಲಿ ಶಿಮಾಂಟೊಗೆ ಅಣೆಕಟ್ಟಿಲ್ಲ, ಹೊಳೆಯಲ್ಲಿ ಇದೆ.

ತಮ್ಮೂರಿನ ಹೊಳೆಯ ಕೀರ್ತಿಗಾಗಿ ದೂರದಿಂದ ಬಂದವರಿಗೆ ಇದನ್ನೇಕೆ ತೋರಿಸುತ್ತೀರಿ ಎಂದು ಕೇಳಿದೆ. ಹೊಳೆ ತಿಳಿಯಾಗಿದೆ ಎಂದು ಹೊಗಳಿಸಿಕೊಳ್ಳುವುದು ಸುಲಭ, ಏನೇನು ಕಳೆದುಕೊಂಡಿದೆ ಎಂದು ಹೇಳದಿದ್ದರೆ ಹೊಗಳಿಕೆಯೇ ಅದನ್ನು ಕೊಲ್ಲುತ್ತದೆ ಎಂಬರ್ಥದ ಮಾತು ಹೇಳಿದರು. ಕೊಚಿ ಪ್ರಾಂತ ೨೦೦೧ರಲ್ಲಿ ಈ ಒಂದು ಹೊಳೆಗಾಗಿಯೇ ಕಾಯಿದೆ ಮಾಡಿದೆ. ೨೦೦೯ರಲ್ಲಿ ಹೊಳೆ, ಗದ್ದೆ, ಸೇತುವೆ, ಊರು ಎಲ್ಲವನ್ನೂ ಸೇರಿಸಿ ರಕ್ಷಿಸಬೇಕಾದ ಸಾಂಸ್ಕೃತಿಕ ಭೂದೃಶ್ಯವೆಂದು ಸರಕಾರ ಘೋಷಿಸಿದೆ. ಮನೆಗಳ ಚರಂಡಿ ನೀರನ್ನು ಇದ್ದಿಲು, ಜಲ್ಲಿ, ಮರದ ತುಂಡು ತುಂಬಿದ ತೊಟ್ಟಿಗಳಲ್ಲಿ ಹಾಯಿಸಿ, ಅವುಗಳ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳಿಂದ ಶುದ್ಧ ಮಾಡುವ ವಿಧಾನಕ್ಕೆ ಹೊಳೆಯ ಹೆಸರನ್ನೇ ಇಟ್ಟಿದ್ದಾರೆ.

ಸಂಜೆ ಕುಬೊಕಾವಾದಲ್ಲಿ ರೈಲು ಹತ್ತಿಸುವಾಗ ಆಕೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಮನೆಯ ಹತ್ತಿರದ ಹೊಳೆ ಹೇಗಿದೆ?” ಮಗ ಅದನ್ನು ಕನ್ನಡಿಸಿದ. ನಾನು, ಚೆನ್ನಾಗಿದೆ ಎಂದುಬಿಟ್ಟೆ.

ನಮ್ಮ ಹಳ್ಳದ ಲೆಕ್ಕ

ಅದು ಸುಳ್ಳು. ಕಾಫಿಹಣ್ಣು ಪಲ್ಪ್ ಮಾಡಿ ತೊಳೆದ ನೀರಿನಲ್ಲಿ ಸಿಹಿ ಲೋಳೆ ತುಂಬಿರುತ್ತದೆ. ಅದು ಹಳ್ಳ ಸೇರಿದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನು, ಏಡಿ ಉಸಿರಿಲ್ಲದೆ ಸಾಯುತ್ತವೆ. ನೀರು ಕಪ್ಪಾಗಿ ನಾರುತ್ತದೆ. ನಮ್ಮ ದುರದೃಷ್ಟಕ್ಕೆ ಪಲ್ಪಿಂಗ್ ನಡೆಯುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಅಂದರೆ ಹಳ್ಳ ಸೊರಗುತ್ತಿರುವ ಕಾಲದಲ್ಲೇ. ಮೂರು ವರ್ಷದ ಹಿಂದೆ ಜನವರಿಯಲ್ಲಿ ಕೆಳಗಿನ ಅಡಿಕೆ ತೋಟದವರು ಒಂದು ಕೊಡಪಾನ ನೀರು ತಂದು ನನ್ನ ಜಗಲಿಯ ಮೇಲಿಟ್ಟಿದ್ದರು. “ದನವೂ ಮೂಸಲಿಲ್ಲ” ಎಂದರು. ಹದಿನೈದು ದಿನ ಸುಧಾರಿಸಿಕೊಳ್ಳಿ, ಹಳ್ಳ ಯಾರಪ್ಪನ ಸ್ವತ್ತೂ ಅಲ್ಲ ಎಂದು ನಾನು ಹೇಳಿದೆ. ಅವರು ಕೊಡಪಾನ ಎತ್ತಿಕೊಂಡು ಹೋದರು. ಆಮೇಲೆ ನಮ್ಮ ಮನೆಯ ಮದುವೆಗೂ ಬರಲಿಲ್ಲ. ಇಬ್ಬರೂ ಇದೇ ಸಂಘದ ಸದಸ್ಯರು. ವಾರ್ಷಿಕ ಸಭೆಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಿದ್ದೆವು.

ಜಪಾನಿನಿಂದ ಬಂದವನು ಮಳೆಗಾಲ ಕಳೆದ ಕೂಡಲೆ ಮೂರು ತೊಟ್ಟಿ ಕಟ್ಟಿಸಿದೆ. ಪಲ್ಪರಿನ ನೀರನ್ನು ಸೋಸಿ ಅದೇ ದಿನ ಮತ್ತೆ ಬಳಸುವುದು, ಕಡೆಗೆ ಸುಣ್ಣ ಹಾಕಿ ಹುಳಿ ಮುರಿದು ತೊಟ್ಟಿಯಲ್ಲಿ ನಿಲ್ಲಿಸುವುದು, ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಸೇರಿಸುವುದು. ಇದರಲ್ಲಿ ಹೊಸತೇನಿಲ್ಲ. ಕಾಫಿ ಮಂಡಳಿಯವರು ಎಷ್ಟೋ ವರ್ಷದಿಂದ ಹೇಳುತ್ತಿದ್ದದ್ದೇ. ನಾನು ಕೇಳಿರಲಿಲ್ಲ, ಅಷ್ಟೆ.

ಎಲ್ಲವೂ ಸರಿಹೋಯಿತೆಂದು ಬರೆದರೆ ಮತ್ತೊಂದು ಸುಳ್ಳಾದೀತು. ಜನವರಿಯ ಒಂದು ರಾತ್ರಿ ಹಣ್ಣು ಹೆಚ್ಚು ಬಂದು ಕೊನೆಯ ತೊಟ್ಟಿ ತುಂಬಿ ಹರಿಯಿತು. ಗೊತ್ತಾದದ್ದು ಬೆಳಗಿನ ಜಾವ. ಟಾರ್ಚು ಹಿಡಿದು ಹಳ್ಳದ ದಡದಲ್ಲೇ ಇಳಿದುಹೋಗಿ, ಕೆಳಗಿನವರ ಬಾಗಿಲು ತಟ್ಟಿದೆ. ಇವತ್ತು ಪಂಪು ಹಾಕಬೇಡಿ, ದನಕ್ಕೆ ಬಾವಿ ನೀರು ಕೊಡಿ, ತಪ್ಪು ನನ್ನದು ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಹೇಳಿದಿರಲ್ಲ, ಒಳಗೆ ಬನ್ನಿ” ಎಂದರು. ಮೂರು ವರ್ಷದ ಮೇಲೆ ಆ ಮನೆಯಲ್ಲಿ ಕಾಫಿ ಕುಡಿದೆ. ಈ ವರ್ಷ ನಾಲ್ಕನೆಯ ತೊಟ್ಟಿ ಆಗಬೇಕು.

ಹೊಳೆಗೆ ಸುರಿದರೂ ಅಳೆದು ಸುರಿ ಎಂದು ನಮ್ಮ ಗಾದೆ. ಹೊಳೆಗೆ ಸುರಿಯುವ ಹಣದ ವಿಷಯಕ್ಕೆ ಮಾತ್ರ ಅದು ಅನ್ವಯಿಸುತ್ತದೆಂದು ಇಷ್ಟು ವರ್ಷ ತಿಳಿದಿದ್ದೆ. ತೊಟ್ಟಿಗಳ ಅಳತೆ, ಖರ್ಚಿನ ವಿವರ ಬೇಕಾದ ಸದಸ್ಯ ಬಾಂಧವರು ಯಾವ ದಿನವಾದರೂ ತೋಟಕ್ಕೆ ಬಂದು ನೋಡಬಹುದು. ಬರುವ ಮೊದಲು ನಿಮ್ಮ ಹಳ್ಳಕ್ಕಿಳಿದು ಒಂದು ಕಲ್ಲನ್ನು ಮಗುಚಿ ನೋಡಿ ಬನ್ನಿ.