ಗಂಗರಾಣಿ ರೇವಕನಿಮ್ಮಡಿ ಮತ್ತು ಆಕೆಯ ಬಳುವಳಿ

ಗಂಗರು ತಲಕಾಡಿಗೆ ನೆಲೆ ಬದಲಿಸಿದ ಮೇಲೂ ‘ಕುವಲಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಕುವಲಾಲವೆಂದರೆ ಶ್ರೀನಿವಾಸಪುರಕ್ಕೆ ನೆರೆಯ ಕೋಲಾರ. ಈ ಮನೆತನಕ್ಕೆ ಸೊಸೆಯಾಗಿ ಬಂದವಳು ರಾಷ್ಟ್ರಕೂಟ ರಾಜಕುಮಾರಿ ರೇವಕನಿಮ್ಮಡಿ. ಈಕೆ ಮೂರನೆಯ ಅಮೋಘವರ್ಷ ಬದ್ದೆಗನ ಮಗಳು, ಮೂರನೆಯ ಕೃಷ್ಣನ ಅಕ್ಕ, ಇಮ್ಮಡಿ ಬೂತುಗನ ರಾಣಿ.

ಧಾರವಾಡ ಸೀಮೆಯ ಹೆಬ್ಬಾಳದ ಕ್ರಿ.ಶ. 975ರ ಶಾಸನದ ಪ್ರಕಾರ ಬದ್ದೆಗನು ಮಗಳ ಮದುವೆಯಲ್ಲಿ ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆನಾಡು 70 ಇವನ್ನು ಬಳುವಳಿಯಾಗಿ ಕೊಟ್ಟನು. ಆದರೆ 949-50ರ ಆತಕೂರು ಶಾಸನ ಹೇಳುವುದೇ ಬೇರೆ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಬೂತುಗನಿಗೆ ಕೃಷ್ಣನು ಮೆಚ್ಚಿ ಇವೇ ನಾಡುಗಳನ್ನು ಬನವಾಸಿ 12000ದೊಡನೆ ಕೊಟ್ಟನಂತೆ! ಒಂದೇ ನೆಲ ಎರಡು ಸಲ ಕೊಡುಗೆಯಾದುದು ಹೇಗೆ? ಬಳುವಳಿಯಾಗಿ ಬಂದುದನ್ನೇ ಕೃಷ್ಣನು ಯುದ್ಧಾನಂತರ ಸ್ಥಿರಪಡಿಸಿ, ಬನವಾಸಿಯನ್ನು ಹೊಸದಾಗಿ ಸೇರಿಸಿದನೆಂದು ಭಾವಿಸುವುದು ಯುಕ್ತ. ಆತಕೂರಿನ ವೀರಗಾಥೆಯೊಂದನ್ನೇ ಓದಿದವರಿಗೆ ಅಕ್ಕನ ಪಾಲು ಕಾಣುವುದೇ ಇಲ್ಲ. ನಮ್ಮ ಪಠ್ಯಗಳಲ್ಲಿ ಆಗಿರುವುದೂ ಬಹುಮಟ್ಟಿಗೆ ಇದೇ.

ಈಕೆಯ ಮಗ ಮರುಳದೇವನು ಸೋದರಮಾವ ಕೃಷ್ಣನ ಮಗಳು ಬಿಜ್ಜಬ್ಬೆಯನ್ನು ವರಿಸಿದನು. ನಂಟು ಹೀಗೆ ಇಮ್ಮಡಿಸಿದರೂ, ಅವನ ತರುವಾಯ 963ರ ಸುಮಾರಿಗೆ ಪಟ್ಟವೇರಿದವನು ಸವತಿ ಕಲ್ಲಬ್ಬೆಯ ಮಗ ಮಾರಸಿಂಹ. ಅದೇ ಮನೆಯ ಹೆಣ್ಣುಮಗಳು, ಬೂತುಗನ ಅಕ್ಕ ಪಾಂಬಬ್ಬೆ, ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸಿನಲ್ಲಿದ್ದು 971ರಲ್ಲಿ ಮುಡಿಪಿದುದನ್ನು ಕಡೂರಿನ ಶಾಸನ ತಿಳಿಸುತ್ತದೆ.