ಕಾರಿನ ಬಣ್ಣಕ್ಕೆ ರಕ್ಷಾಲೇಪನ: ಕೊಳ್ಳುವ ಮುನ್ನ ಲೆಕ್ಕ ನೋಡಿ

ನಮ್ಮ ಭಾಗದ ವರ್ತಕ ಬಂಧುಗಳು ಹೊಸ ಕಾರು ಕೊಳ್ಳಲು ಹೋದಾಗ ವಿಮೆ, ನೋಂದಣಿ, ಹೆಚ್ಚುವರಿ ವಾರಂಟಿ ಇವುಗಳ ಜೊತೆಗೆ ಷೋರೂಮಿನವರು ತಪ್ಪದೆ ಮುಂದಿಡುವ ಇನ್ನೊಂದು ಬಾಬು ಎಂದರೆ ಬಣ್ಣದ ರಕ್ಷಣೆಯ ಲೇಪನ. ಟೆಫ್ಲಾನ್, ಸೆರಾಮಿಕ್, ಗ್ರಾಫೀನ್, ನ್ಯಾನೋ ಎಂದು ಹೆಸರುಗಳು ಅನೇಕ. ಬೆಲೆಯೂ ಕೆಲವು ನೂರು ರೂಪಾಯಿಗಳ ಸ್ಪ್ರೇ ಬಾಟಲಿಯಿಂದ ಹಿಡಿದು ಲಕ್ಷ ರೂಪಾಯಿ ಮೀರುವ ಫಿಲಂವರೆಗೆ ಹರಡಿಕೊಂಡಿದೆ. ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡವರು ಮಾರ್ಚ್ ಕೊನೆಯಲ್ಲಿ ಈ ಬಿಲ್ಲನ್ನು ತಂದು ನಮ್ಮ ಮುಂದಿಟ್ಟು, ಇದು ಯಾವ ಖಾತೆಗೆ ಹೋಗುತ್ತದೆ, ಇದರ ಜಿ.ಎಸ್.ಟಿ. ಹಿಂದಕ್ಕೆ ಬರುತ್ತದೆಯೇ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಹಣ ಕೊಡುವ ಮೊದಲೇ ಕೇಳಿದ್ದರೆ ಒಳ್ಳೆಯದಿತ್ತು.

ಮೊದಲು ರಕ್ಷಿಸಬೇಕಾದ ವಸ್ತು ಯಾವುದು ಎಂಬುದನ್ನು ತಿಳಿಯೋಣ. ಕಾರ್ಖಾನೆಯಲ್ಲಿ ಕಾರಿನ ತಗಡಿಗೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಪದರ ಮತ್ತು ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ ಹೀಗೆ ಒಂದರ ಮೇಲೊಂದು ಹಚ್ಚಿರುತ್ತಾರೆ. ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ಹೊಳಪು ಕೊಡುವ, ಬಿಸಿಲನ್ನು ತಡೆಯುವ ಪಾರದರ್ಶಕ ಪದರ ಸುಮಾರು 35ರಿಂದ 50 ಮೈಕ್ರಾನ್ ಮಾತ್ರ, ತಲೆಗೂದಲಿಗಿಂತಲೂ ತೆಳುವು. ಪ್ರತಿ ಸಲ ಯಂತ್ರದಿಂದ ಪಾಲಿಷ್ ಹಿಡಿದಾಗಲೂ ಇದರಲ್ಲಿ ಒಂದಿಷ್ಟು ಉಜ್ಜಿ ಹೋಗುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ಆದ್ದರಿಂದ ವರ್ಷಕ್ಕೆರಡು ಸಲ ಪಾಲಿಷ್ ಮಾಡಿಸುವುದು ಕಾರಿನ ಆರೈಕೆ ಎಂಬ ಭಾವನೆ ಸರಿಯಲ್ಲ.

ತುರ್ವಿಹಾಳ, ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತಿನಲ್ಲಿ ಈ ಪದರಕ್ಕೆ ಇರುವ ಶತ್ರುಗಳು ಬೆಂಗಳೂರಿನವಲ್ಲ. ಜಾಹೀರಾತುಗಳಲ್ಲಿ ಆಮ್ಲಮಳೆ, ಹಿಮ, ರಸ್ತೆಗೆ ಸುರಿಯುವ ಉಪ್ಪು ಎಂದೆಲ್ಲ ಬರೆದಿರುತ್ತಾರೆ. ನಮ್ಮಲ್ಲಿರುವುದು 40 ಡಿಗ್ರಿ ದಾಟುವ ಬೇಸಗೆ, ಎರೆಮಣ್ಣಿನ ಧೂಳು, ಕೊಳವೆಬಾವಿಯ ಸವಳು ನೀರು, ಬೇವಿನ ಮರದ ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಬೀಳುವ ಹಕ್ಕಿಯ ಹಿಕ್ಕೆ ಮತ್ತು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದಿಂದ ನಡೆಯುವ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ.

ಈ ಬೂದಿಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಭತ್ತದ ಹೊಟ್ಟು ಉರಿದ ಮೇಲೆ ಉಳಿಯುವ ಬೂದಿಯಲ್ಲಿ ಶೇ. 85ರಿಂದ 95ರಷ್ಟು ಸಿಲಿಕಾ ಇರುತ್ತದೆ. ಸೆರಾಮಿಕ್ ಲೇಪನದ ಬಾಟಲಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿರುವ ಸಿಲಿಕಾನ್ ಡೈಆಕ್ಸೈಡ್ ಎಂಬುದೂ ಇದೇ ಸಿಲಿಕಾ! ಬಾಟಲಿಯಲ್ಲಿರುವುದು ದ್ರವರೂಪದ ರಾಸಾಯನಿಕದಿಂದ ಮೂಡಿ ಬಣ್ಣಕ್ಕೆ ಅಂಟಿ ಗಾಜಿನಂತಾಗುವ ಪದರ. ಗಿರಣಿಯ ಚಿಮಣಿಯಿಂದ ಬಂದು ಕೂರುವುದು ಒರಟಾದ ಪುಡಿ. ಬೆಳಿಗ್ಗೆ ಚಾಲಕನು ಒಣ ಬಟ್ಟೆಯಿಂದ ಕಾರಿನ ಬಾನೆಟ್ ಒರೆಸಿದನೆಂದರೆ ಈ ಪುಡಿಯನ್ನು ಉಜ್ಜುಕಾಗದದಂತೆ ಬಣ್ಣದ ಮೇಲೆ ಎಳೆದನೆಂದೇ ಅರ್ಥ. ಕಪ್ಪು ಕಾರಿನ ಮೇಲೆ ಬಿಸಿಲು ಬಿದ್ದಾಗ ಜೇಡರ ಬಲೆಯಂತೆ ಕಾಣುವ ಸುತ್ತುಗೀರುಗಳ ಮೂಲ ಬಹುಮಟ್ಟಿಗೆ ಇದೇ. ಈ ಅಭ್ಯಾಸ ಬಿಡದವರಿಗೆ ಯಾವ ಲೇಪನವೂ ಪ್ರಯೋಜನಕ್ಕೆ ಬಾರದು.

ಇನ್ನು ಲೇಪನಗಳ ವಿಚಾರ. ಹಳೆಯದು ಮೇಣ. ಬ್ರೆಜಿಲ್ ದೇಶದ ಒಂದು ತಾಳೆಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ಮೇಣ ಸುಮಾರು 82ರಿಂದ 86 ಡಿಗ್ರಿಯಲ್ಲಿ ಕರಗುತ್ತದೆ. ಗಾಢ ಬಣ್ಣದ ಕಾರಿನ ತಗಡು ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ 70 ಡಿಗ್ರಿಯ ಆಸುಪಾಸು ಕಾಯುವುದರಿಂದ ಮೇಣ ಮೆತ್ತಗಾಗಿ, ಧೂಳು ಹಿಡಿದು, ಕೆಲವೇ ವಾರಗಳಲ್ಲಿ ಸವೆಯುತ್ತದೆ. ಹೊಳಪಿಗೆ ಚೆಂದ, ಬಾಳಿಕೆಗೆ ಅಲ್ಲ.

ಎರಡನೆಯದು ಗ್ಯಾರೇಜುಗಳಲ್ಲಿ ಇಂದಿಗೂ ಕೇಳಿಬರುವ ಟೆಫ್ಲಾನ್ ಕೋಟಿಂಗ್. ಟೆಫ್ಲಾನ್ ಎಂಬ ವ್ಯಾಪಾರಿ ಹೆಸರಿನ ಪದಾರ್ಥವನ್ನು 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಕಂಡುಹಿಡಿದರು. ಅದು ಕರಗುವುದು ಸುಮಾರು 327 ಡಿಗ್ರಿಯಲ್ಲಿ. ದೋಸೆಯ ತವಕ್ಕೆ ಅದು ಅಂಟಿಕೊಳ್ಳುವುದು ಅಷ್ಟು ಶಾಖದಲ್ಲಿ ಬೇಯಿಸುವುದರಿಂದ. ಕಾರಿನ ಬಣ್ಣವನ್ನು ಅಷ್ಟು ಕಾಯಿಸಿದರೆ ಬಣ್ಣವೇ ಉಳಿಯದು. ಆದುದರಿಂದ ಕಾರಿಗೆ ಹಚ್ಚುವ ಪಾಲಿಷಿನಲ್ಲಿ ಆ ಪುಡಿ ಬೆರೆತಿದ್ದರೂ ಬಣ್ಣಕ್ಕೆ ಅದು ತವದ ಮೇಲಿನಂತೆ ಬೆಸೆಯುವುದಿಲ್ಲ. ಕೆಲಸ ಮಾಡುವುದು ಅದರ ಜೊತೆಯಲ್ಲಿರುವ ಮೇಣ ಅಥವಾ ಪಾಲಿಮರ್. ಹೆಸರಿಗಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಮೂರನೆಯದು ಸ್ಪ್ರೇ ಸೀಲೆಂಟ್. ತೊಳೆದ ಕಾರಿನ ಮೇಲೆ ಸಿಂಪಡಿಸಿ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುವಂಥದು. ಪಾಲಿಮರ್ ಅಥವಾ ಸಿಲಿಕಾ ಆಧಾರಿತ. ಒಳ್ಳೆಯದಾದರೆ ಕೆಲವು ತಿಂಗಳು ನಿಲ್ಲುತ್ತದೆ. ನಾಲ್ಕನೆಯದು ನಿಜವಾದ ಸೆರಾಮಿಕ್ ಲೇಪನ. ಅದರ ದಪ್ಪ ಒಂದೆರಡು ಮೈಕ್ರಾನ್ ಅಷ್ಟೆ. ಹಚ್ಚುವ ಮುನ್ನ ಬಣ್ಣವನ್ನು ಪಾಲಿಷ್ ಮಾಡಿ, ಜಿಡ್ಡು ತೆಗೆದು, ಹಚ್ಚಿದ ಮೇಲೆ ಕೆಲವು ದಿನ ನೀರು ತಾಗದಂತೆ ಇಡಬೇಕು. ಕೆಲಸದವನ ಕೈ ಬಾಟಲಿಗಿಂತ ಮುಖ್ಯ. ಐದನೆಯದು ಪಿ.ಪಿ.ಎಫ್. ಎಂಬ ಪಾಲಿಯುರೆಥೇನ್ ಫಿಲಂ. ಸುಮಾರು 150ರಿಂದ 200 ಮೈಕ್ರಾನ್ ದಪ್ಪ. ಮುಂದೆ ಹೋಗುವ ಟಿಪ್ಪರಿನಿಂದ ಸಿಡಿಯುವ ಜಲ್ಲಿಕಲ್ಲಿನ ಏಟನ್ನು ತಡೆಯುವ ಶಕ್ತಿ ಇರುವುದು ಇದಕ್ಕೊಂದಕ್ಕೇ.

ಸೆರಾಮಿಕ್ ಲೇಪನ ಕಲ್ಲೇಟನ್ನೂ ಗೀರನ್ನೂ ತಡೆಯುತ್ತದೆ ಎಂದು ನಂಬಿಸಲು 9 ಎಚ್ ಎಂಬ ಗುರುತನ್ನು ತೋರಿಸುತ್ತಾರೆ. ಇದು ಪೆನ್ಸಿಲಿನ ಗುರುತು. ಮೆತ್ತನೆಯದರಿಂದ ಗಡಸಿನವರೆಗಿನ ಪೆನ್ಸಿಲುಗಳನ್ನು 45 ಡಿಗ್ರಿ ಕೋನದಲ್ಲಿ, 750 ಗ್ರಾಂ ಭಾರದಿಂದ ಲೇಪನದ ಮೇಲೆ ತಳ್ಳಿ ಗೀರು ಬೀಳುವುದೇ ಎಂದು ನೋಡುವ ಪರೀಕ್ಷೆ ಅದು. 9 ಎಚ್ ಎಂದರೆ ಅತಿ ಗಡಸಾದ ಪೆನ್ಸಿಲಿಗೂ ಜಗ್ಗಲಿಲ್ಲ ಎಂದಷ್ಟೇ ಅರ್ಥ. ಮರಳಿನ ಕಣದ ಮುಂದೆ ಪೆನ್ಸಿಲು ಮೆತ್ತಗಿನ ವಸ್ತು. ವಜ್ರದ ಗಡಸುತನ 10, ಇದು 9 ಎಂದು ವಿವರಿಸುವ ಮಾರಾಟಗಾರನು ಎರಡು ಬೇರೆ ಅಳತೆಗೋಲುಗಳನ್ನು ಬೆರೆಸುತ್ತಿದ್ದಾನೆ.

ನಮ್ಮ ನೀರಿನ ತೊಡಕು ಇನ್ನೊಂದು. ಒಳ್ಳೆಯ ಲೇಪನದ ಮೇಲೆ ನೀರು ಮುತ್ತುಗಳಂತೆ ನಿಲ್ಲುವುದನ್ನು ತೋರಿಸಿ ಗಿರಾಕಿಯನ್ನು ಒಪ್ಪಿಸುತ್ತಾರೆ. ಆದರೆ ಆ ಮುತ್ತುಗಳು ಸವಳು ನೀರಿನವಾಗಿದ್ದು ಬಿಸಿಲಿನಲ್ಲಿ ಹಾಗೆಯೇ ಒಣಗಿದರೆ, ಪ್ರತಿಯೊಂದು ಹನಿಯೂ ಸುಣ್ಣದ ಬಿಳಿ ಉಂಗುರ ಬಿಟ್ಟು ಹೋಗುತ್ತದೆ. ಪರಿಚಿತ ಗಿರಣಿ ಮಾಲೀಕರೊಬ್ಬರು ದೊಡ್ಡ ಊರೊಂದರಲ್ಲಿ ಐದು ವರ್ಷದ ವಾರಂಟಿಯ ಸೆರಾಮಿಕ್ ಮಾಡಿಸಿಕೊಂಡು ಬಂದರು. ಎಂಟು ತಿಂಗಳಲ್ಲಿ ಬಾನೆಟ್ ತುಂಬ ಇಂತಹ ಉಂಗುರಗಳು. ವಾರಂಟಿ ಪತ್ರ ತೆಗೆದು ಓದಿದರೆ ನೀರಿನ ಕಲೆ, ಹಕ್ಕಿಯ ಹಿಕ್ಕೆ, ಮರದ ಅಂಟು ಇವೆಲ್ಲಕ್ಕೂ ವಾರಂಟಿ ಅನ್ವಯಿಸದು. ಮೇಲಾಗಿ ಆರು ತಿಂಗಳಿಗೊಮ್ಮೆ ಅದೇ ಅಂಗಡಿಗೆ ಹೋಗಿ ಹಣ ಕೊಟ್ಟು ಸರ್ವಿಸ್ ಮಾಡಿಸಿರಬೇಕು. ಅವರು ಮೊದಲನೆಯ ಸರ್ವಿಸಿಗೇ ಹೋಗಿರಲಿಲ್ಲ. ಹೀಗಾಗಿ ಕೇಳುವ ದಾರಿಯೇ ಮುಚ್ಚಿತ್ತು. ತೊಳೆದ ಕೂಡಲೇ ನೆರಳಿನಲ್ಲಿ ನೀರು ಒರೆಸಿ ತೆಗೆಯುವುದು, ಸಾಧ್ಯವಾದರೆ ಶುದ್ಧ ಕುಡಿಯುವ ನೀರಿನ ಘಟಕದ ಒಂದು ಕೊಡ ನೀರಿನಲ್ಲಿ ಕೊನೆಯ ಸಲ ಜಾಲಿಸುವುದು, ಇಷ್ಟೇ ಇದಕ್ಕೆ ಪರಿಹಾರ. (ಬೇಸಗೆಯಲ್ಲಿ ಜನರಿಗೇ ನೀರಿಲ್ಲದಾಗ ಆ ಕೊಡವೂ ಬೇಡ; ಒರೆಸಿದರೆ ಸಾಕು.)

ಕೆಲವರು ಲೈಫ್‌ಟೈಮ್ ವಾರಂಟಿ ಎನ್ನುತ್ತಾರೆ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ 2,200 ವರ್ಷಗಳಿಗೂ ಮೀರಿ ಬಂಡೆಯ ಮೇಲೆ ಉಳಿದಿದೆ. ಆ ಮಾತು ಅದಕ್ಕೆ ಒಪ್ಪುತ್ತದೆ. ಒಂದೆರಡು ಮೈಕ್ರಾನ್ ಪದರಕ್ಕೆ ಒಪ್ಪುವುದಿಲ್ಲ.

ಈಗ ಖರ್ಚು. ಲೆಕ್ಕದ ಅನುಕೂಲಕ್ಕಾಗಿ ಹೀಗೆ ಭಾವಿಸೋಣ. ಸೆರಾಮಿಕ್ ಲೇಪನಕ್ಕೆ 25,000 ರೂ., ಆಮೇಲೆ ನಾಲ್ಕು ವರ್ಷ ವರ್ಷಕ್ಕೆ 3,000 ರೂ. ಸರ್ವಿಸ್, ಒಟ್ಟು 37,000 ರೂ. ಶೇ. 18 ತೆರಿಗೆ ಸೇರಿ 43,660 ರೂ. ಆಗುತ್ತದೆ. ಸ್ಪ್ರೇ ಸೀಲೆಂಟಾದರೆ ತೆರಿಗೆ ಸೇರಿ 900 ರೂ.ಗಳ ಬಾಟಲಿ ವರ್ಷಕ್ಕೆ ಎರಡು, ಐದು ವರ್ಷಕ್ಕೆ 9,000 ರೂ.; ಜೊತೆಗೆ ಮೂರು ತಿಂಗಳಿಗೊಮ್ಮೆ ಅರ್ಧ ದಿನದ ಶ್ರಮ. ಎರಡರ ಅಂತರ 34,660 ರೂ. ಐದು ವರ್ಷದ ನಂತರ ಕಾರು ಮಾರುವಾಗ ಸೆರಾಮಿಕ್ ಮಾಡಿಸಿದ ಕಾರಣಕ್ಕೇ ಇಷ್ಟು ಹೆಚ್ಚು ಬೆಲೆ ಬರುವುದೇ ಎಂಬುದು ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ, ನಿತ್ಯ ಗಿರಣಿಗೆ, ಹೊಲಕ್ಕೆ, ಮಾರುಕಟ್ಟೆಗೆ ಓಡಾಡಿ ಬಯಲಿನಲ್ಲಿ ನಿಲ್ಲುವ ಕಾರಿಗೆ ಬಾರದು. ಸ್ಪ್ರೇ ಸೀಲೆಂಟೇ ಸಾಕು. ಷೆಡ್ಡಿನಲ್ಲಿ ನಿಲ್ಲಿಸಿ, ತಿಳಿದವರಿಂದ ತೊಳೆಸಿ, ಏಳೆಂಟು ವರ್ಷ ಇಟ್ಟುಕೊಳ್ಳುವವರು ಸೆರಾಮಿಕ್ ಆಲೋಚಿಸಬಹುದು. ಹೆದ್ದಾರಿಯ ಓಡಾಟ ಹೆಚ್ಚಿದ್ದರೆ ಬಂಪರ್, ಬಾನೆಟ್ ಇವಿಷ್ಟಕ್ಕೆ ಮಾತ್ರ ಫಿಲಂ ಹಾಕಿಸುವುದು ಜಾಣತನ. ರಸಗೊಬ್ಬರ ಸಾಗಿಸುವ ಗೂಡ್ಸ್ ವಾಹನಕ್ಕಂತೂ ಹೊಳಪಿನ ಲೇಪನಕ್ಕೆ ಹಣ ಹಾಕುವುದಕ್ಕಿಂತ ತಳಭಾಗಕ್ಕೆ ತುಕ್ಕು ನಿರೋಧಕ ಹಚ್ಚಿಸಿ, ಗೊಬ್ಬರ ಇಳಿಸಿದ ದಿನವೇ ಟ್ರಾಲಿ ತೊಳೆಯುವುದು ಮೇಲು. ಗೊಬ್ಬರದ ಲವಣ ಕಬ್ಬಿಣವನ್ನು ತಿನ್ನುತ್ತದೆ.

ಬಾಟಲಿ ತಂದು ತಾವೇ ಹಚ್ಚುವವರು ಬೆಳಗಿನ ಹೊತ್ತು, ನೆರಳಿನಲ್ಲಿ, ತಗಡು ಕೈಗೆ ತಣ್ಣಗಿರುವಾಗ ಹಚ್ಚತಕ್ಕದ್ದು. ಬಿಸಿ ತಗಡಿನ ಮೇಲೆ ಸಿಂಪಡಿಸಿದರೆ ಒರೆಸುವ ಮೊದಲೇ ಒಣಗಿ ಪಟ್ಟೆ ಬೀಳುತ್ತದೆ. ಸಿಂಪಡಿಸಿದ ತುಂತುರನ್ನು ಉಸಿರಿನೊಡನೆ ಒಳಗೆಳೆದುಕೊಳ್ಳಬಾರದು. 2006ರಲ್ಲಿ ಜರ್ಮನಿಯಲ್ಲಿ ಮ್ಯಾಜಿಕ್ ನ್ಯಾನೋ ಎಂಬ, ಗಾಜು ಮತ್ತು ಬಚ್ಚಲುಮನೆಯ ನೆಲಗಟ್ಟಿಗೆ ಹೊಡೆಯುವ ನೀರುನಿರೋಧಕ ಸ್ಪ್ರೇ ಬಳಸಿದ ಸುಮಾರು 100 ಮಂದಿ ಉಸಿರಾಟದ ತೊಂದರೆಗೆ ಒಳಗಾದರು. ಅದರಲ್ಲಿ ನ್ಯಾನೋ ಕಣಗಳೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ತೊಂದರೆ ಕಂಡದ್ದು ಒತ್ತಡದ ಡಬ್ಬಿಯಿಂದ. ಕೈಪಂಪಿನ ಬಾಟಲಿಯಿಂದ ಅಂತಹ ದೂರು ಬಂದಿರಲಿಲ್ಲ. ಆದುದರಿಂದ ಕೈಪಂಪಿನದನ್ನೇ ಆರಿಸಿ, ತೆರೆದ ಜಾಗದಲ್ಲಿ, ಬಟ್ಟೆಯ ಮೇಲೆ ಸಿಂಪಡಿಸಿಕೊಂಡು ಹಚ್ಚುವುದು ಕ್ಷೇಮ. ಕೆಲಸದ ಹುಡುಗರಿಂದ ಮುಚ್ಚಿದ ಷೆಡ್ಡಿನಲ್ಲಿ ಹೊಡೆಸುವ ಸರ್ವಿಸ್ ಸೆಂಟರ್ ಮಾಲೀಕರು ಇದನ್ನು ಗಮನಿಸಬೇಕು.

ತೆರಿಗೆಯ ಮಾತಿಗೆ ಬರೋಣ. ಚಾಲಕನೂ ಸೇರಿ 13 ಆಸನಗಳವರೆಗಿನ, ಜನರನ್ನು ಒಯ್ಯುವ ವಾಹನದ ಖರೀದಿಗೆ ಮಾತ್ರವಲ್ಲದೆ ಅದರ ದುರಸ್ತಿ, ನಿರ್ವಹಣೆಯ ಸೇವೆಗೂ ಕೊಟ್ಟ ಜಿ.ಎಸ್.ಟಿ.ಯನ್ನು ಸಾಮಾನ್ಯ ವರ್ತಕರು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯುವಂತಿಲ್ಲ, ಜಿ.ಎಸ್.ಟಿ. ಕಾಯಿದೆಯ 17(5)ನೇ ಕಲಮು ತಡೆಯುತ್ತದೆ. ಕಾರು ಸಂಸ್ಥೆಯ ಹೆಸರಿನಲ್ಲಿದ್ದರೂ ಅಷ್ಟೆ. ವ್ಯಾಪಾರದ ಸರಕು ಸಾಗಿಸುವ ಗೂಡ್ಸ್ ವಾಹನಕ್ಕೆ ಈ ತಡೆ ಇಲ್ಲ. ಆದ್ದರಿಂದ ಬಿಲ್ಲಿನಲ್ಲಿ ವಾಹನದ ಸಂಖ್ಯೆ ಇರಲೇಬೇಕು. ಕಾರು ಮತ್ತು ಪಿಕಪ್ ಎರಡಕ್ಕೂ ಒಟ್ಟಿಗೆ ಮಾಡಿಸಿದರೆ ಎರಡು ಬಿಲ್ಲು ಪಡೆಯಿರಿ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಶೇ. 18, ದೊಡ್ಡವಕ್ಕೆ ಶೇ. 40 ಜಿ.ಎಸ್.ಟಿ. ದರವಿದೆ. ದೊಡ್ಡ ಕಾರು ಕೊಳ್ಳುವವರು ಲೇಪನದ ಹಣವನ್ನು ಕಾರಿನ ಬೆಲೆಯಲ್ಲಿಯೇ ಸೇರಿಸಿ ಬಿಲ್ ಮಾಡಿಸಿದರೆ ಅದಕ್ಕೂ ಕಾರಿನ ದರವೇ ತಗಲುವ ಸಂಭವವಿದೆ. ಕಾರು ಮನೆಗೆ ಬಂದ ಮೇಲೆ ಬೇರೆಯಾಗಿ ಮಾಡಿಸಿದ ಕೆಲಸಕ್ಕೆ ಶೇ. 18 ಮಾತ್ರ. ಆದಾಯ ತೆರಿಗೆಯಲ್ಲಿಯೂ ವ್ಯತ್ಯಾಸ ಉಂಟು. ಕೊಳ್ಳುವಾಗಲೇ ಬೆಲೆಯಲ್ಲಿ ಸೇರಿದ್ದು ಕಾರಿನ ಮೂಲಬೆಲೆಯ ಭಾಗವಾಗಿ ವರ್ಷಕ್ಕೆ ಶೇ. 15ರ ಸವಕಳಿಯಾಗಿ ಮಾತ್ರ ಕಳೆಯುತ್ತದೆ. ಬಳಕೆಯ ಮಧ್ಯೆ ಮಾಡಿಸಿದ್ದನ್ನು ನಿರ್ವಹಣೆ ಖರ್ಚೆಂದು ಆ ವರ್ಷವೇ ತೋರಿಸಬಹುದು. ಮನೆಯ ಬಳಕೆಯ ಪಾಲನ್ನು ಎರಡರಲ್ಲಿಯೂ ಬಿಡಬೇಕು.

ಕೊನೆಯದಾಗಿ ನಗದು. ಒಬ್ಬರಿಗೆ ಒಂದೇ ದಿನ 10,000 ರೂ.ಗಳಿಗಿಂತ ಹೆಚ್ಚು ನಗದು ಕೊಟ್ಟು ಮಾಡಿಸಿದ ಖರ್ಚನ್ನು ಆದಾಯ ತೆರಿಗೆಯಲ್ಲಿ ಒಪ್ಪುವುದಿಲ್ಲ. ನಗದು ಕೊಟ್ಟರೆ ಎರಡು ಸಾವಿರ ಬಿಡುತ್ತೇನೆ ಎನ್ನುವ ಅಂಗಡಿಯವನಿಗೆ 25,000 ರೂ.ಗಳ ಕೆಲಸಕ್ಕೆ 23,000 ರೂ. ನಗದು ಕೊಟ್ಟವರು, ಶೇ. 30ರ ದರದಲ್ಲಿ ತೆರಿಗೆ ಕಟ್ಟುವವರಾಗಿದ್ದರೆ, ಆ ಎರಡು ಸಾವಿರಕ್ಕಾಗಿ ಸೆಸ್ ಬಿಟ್ಟು 6,900 ರೂ. ಹೆಚ್ಚು ತೆರಿಗೆ ಕಟ್ಟುತ್ತಾರೆ. ಬಿಲ್ಲೂ ಇಲ್ಲದಿದ್ದರೆ ವಾರಂಟಿಯೂ ಇಲ್ಲ.