ತೋಳಿನ ಮೇಲಿನ ಗುರುತು

ಬಾಲ್ಯದಲ್ಲಿ ಹಾಕಿಸಿದ ಸಿಡುಬಿನ ಲಸಿಕೆಯ ಗುರುತು ನನ್ನ ತೋಳಿನ ಮೇಲೆ ಇನ್ನೂ ಇದೆ. ಅಮೆರಿಕದಲ್ಲಿ ಹುಟ್ಟಿದ ನನ್ನ ಮಕ್ಕಳಿಗೆ ಅದಿಲ್ಲ. ಸಿಡುಬು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಆ ಲಸಿಕೆಯಲ್ಲಿದ್ದ ಜೀವಂತ ವೈರಸ್ಸೇ ವ್ಯಾಕ್ಸೀನಿಯಾ. ಅದರ ಅಧ್ಯಯನದಲ್ಲಿ ದಶಕಗಳನ್ನೇ ಕಳೆದವರು ವೈದ್ಯವಿಜ್ಞಾನಿ ಬರ್ನಾರ್ಡ್ ಮಾಸ್.

ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ 1961ರಲ್ಲಿ ವೈದ್ಯ ಪದವಿ ಪಡೆದ ಅವರು 1966ರಲ್ಲಿ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯನ್ನು ಸೇರಿದರು. 1988ರಲ್ಲಿ ಗಿರೀಶ್ ಕೋಟ್ವಾಲ್ ಅವರೊಡನೆ ಒಂದು ವಿಸ್ಮಯವನ್ನು ಲೋಕದ ಮುಂದಿಟ್ಟರು. ನಮ್ಮ ರಕ್ತದಲ್ಲಿ ರೋಗಾಣುಗಳನ್ನು ಎದುರಿಸುವ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನುಗಳ ಪಡೆಯಿದೆ. ಅದು ನಮ್ಮ ಜೀವಕೋಶಗಳ ಮೇಲೆಯೇ ಎರಗದಂತೆ ತಡೆಯುವ ಪ್ರೋಟೀನುಗಳೂ ಇವೆ. ಅವುಗಳನ್ನೇ ಹೋಲುವ ಪ್ರೋಟೀನೊಂದನ್ನು ವ್ಯಾಕ್ಸೀನಿಯಾ ಹೊರಸೂಸುತ್ತದೆ! ರಾವಣನು ಸನ್ಯಾಸಿಯ ವೇಷದಲ್ಲಿ ಪರ್ಣಕುಟಿಗೆ ಬಂದಂತೆಯೇ ಇದೂ.

ಕಪಟವನ್ನು ಅರಿತವನೇ ಅದನ್ನು ಪಳಗಿಸಬಲ್ಲ. ಇಂಥ ಹಲವು ಜೀನುಗಳನ್ನು ಕಳೆದುಕೊಂಡು ಸೌಮ್ಯವಾದ ವ್ಯಾಕ್ಸೀನಿಯಾ ತಳಿ ಎಂವಿಎ. ಅದು ಅನ್ಯ ರೋಗಗಳ ಲಸಿಕೆಗೂ ವಾಹಕವಾಗಬಲ್ಲದೆಂದು ಮಾಸ್ ಮತ್ತು ಸಹೋದ್ಯೋಗಿ 1992ರಲ್ಲಿ ತೋರಿಸಿದರು. 2022ರಲ್ಲಿ ಎಂಪಾಕ್ಸ್ ಹರಡಿದಾಗ ಅದೇ ತಳಿಯ ಲಸಿಕೆ ನೆರವಿಗೆ ಬಂದಿತು.

ನನ್ನ ತೋಳಿನ ಗುರುತು ಏನೆಂದು ಮಕ್ಕಳು ಕೇಳಿದಾಗಲೆಲ್ಲ ನಾನೀಗ ಈ ಕಥೆಯನ್ನೇ ಹೇಳುತ್ತೇನೆ.